ಕೀಮೋ ದಿನಗಳಲ್ಲಿ ಕೈಗೆ ವಾಚ್, ಬಾಯಿಗೆ ಥರ್ಮಾಮೀಟರ್

ಪ್ರಶ್ನೆ: ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಅಮ್ಮನಿಗೆ ಹಾಸನದಲ್ಲಿ 21 ದಿನಕ್ಕೊಮ್ಮೆ ಕೀಮೋ ಕೊಡುತ್ತಿದ್ದಾರೆ. ಎರಡನೇ ಸಲ ಆದಾಗ ರಾತ್ರೋರಾತ್ರಿ ಜ್ವರ ಏರಿ ಅಡ್ಮಿಟ್ ಮಾಡಬೇಕಾಯಿತು. ನಮ್ಮದು ತೋಟದ ಮನೆ. ಸ್ಮಾರ್ಟ್ ವಾಚ್ ಕಟ್ಟಿದರೆ ಇಂಥದ್ದು ಮೊದಲೇ ಗೊತ್ತಾಗುತ್ತದೆಯೇ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಸುಳಿವು ಸಿಗಬಹುದು, ತೀರ್ಮಾನ ಸಿಗುವುದಿಲ್ಲ. ವಾಚಿನ ಹಿಂಬದಿಯ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತ ನೋಡಿ ನಾಡಿ ಎಣಿಸುತ್ತದೆ. ಮೈಬಿಸಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು 8ರಿಂದ 10 ಹೆಚ್ಚುತ್ತದೆ. ಹೆಚ್ಚಿದೆಯೋ ಇಲ್ಲವೋ ಹೇಳಲು ಅಮ್ಮನ ಮಾಮೂಲಿ ಲೆಕ್ಕ ಗೊತ್ತಿರಬೇಕಲ್ಲ? ಹಾಗಾಗಿ ಮುಂದಿನ ಕೀಮೋಗೆ ಒಂದು ವಾರ ಮೊದಲೇ ಕಟ್ಟಿಸಿ, ನಿದ್ದೆಯಲ್ಲಿನ ನಾಡಿ ಮತ್ತು ದಿನದ ಹೆಜ್ಜೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. 68 ಇದ್ದದ್ದು 80 ದಾಟಿತು, ಅಂಗಳ ಸುತ್ತುತ್ತಿದ್ದವರು ಮಂಚ ಬಿಟ್ಟೇಳಲಿಲ್ಲ ಎಂದರೆ ತಕ್ಷಣ ಜ್ವರ ನೋಡಿ. ವಾಂತಿಭೇದಿ, ರಕ್ತಹೀನತೆಯಿಂದಲೂ ನಾಡಿ ಏರುತ್ತದೆ. ಅದನ್ನೂ ಡಾಕ್ಟರಿಗೆ ತಿಳಿಸಬೇಕು. ಬಿಪಿ, ಹೃದಯಕ್ಕೆಂದು ಕೊಡುವ, ನಾಡಿ ತಗ್ಗಿಸುವ ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ಸೋಂಕಿದ್ದರೂ ನಾಡಿ ಅಷ್ಟು ಏರದಿರಬಹುದು.

ಕಟ್ಟುವ ಕೈ ಮುಖ್ಯ. ಕಂಕುಳಿನ ಗಂಟು ತೆಗೆದ ಕಡೆ ಬೇಡ, ಆ ಕೈಗೆ ಬಾವು ಬರುವ ಭಯವಿರುತ್ತದೆ. ಇನ್ನೊಂದು ಕೈಗೆ, ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲೆ, ಅಲುಗಾಡದಷ್ಟು ಬಿಗಿಯಾಗಿ ಕಟ್ಟಿ. ಆ ಕೈಯ ಬಳೆ ತೆಗೆಸಿ; ಬಳೆ ತಳ್ಳಿ ವಾಚ್ ಎದ್ದರೆ ಹೊರಬೆಳಕು ನುಗ್ಗಿ ಲೆಕ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ, ಇರುವಾಗಲೇ ಚಾರ್ಜ್ ಮಾಡಿ ರಾತ್ರಿಗೆ ಕಟ್ಟಿಸಿ. ದೂರದ ಊರಲ್ಲಿರುವವರು ಆ್ಯಪ್‌ನಲ್ಲಿ ನೋಡಿಕೊಳ್ಳುತ್ತಾರೆ ಎಂದು ಕೂರಬೇಡಿ. ತೋಟದಲ್ಲಿ ನೆಟ್‌ವರ್ಕ್ ಹೋದರೆ ಅವರಿಗೆ ಏನೂ ತಲುಪದು.

ವಾಚ್ ತೋರಿಸುವ ಚರ್ಮದ ಉಷ್ಣಾಂಶ ಜ್ವರದ ಅಳತೆಯಲ್ಲ. ಕಂಬಳಿಯೊಳಗಿನ ಕೈಗೂ ಹೊರಗಿನ ಕೈಗೂ ಅಜಗಜಾಂತರ. ಡಿಜಿಟಲ್ ಥರ್ಮಾಮೀಟರನ್ನು ನಾಲಗೆಯಡಿ ಇಡಿ, ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಟ್ಟು. ಒಮ್ಮೆ 101 ಫ್ಯಾರನ್‌ಹೀಟ್ ಕಂಡರೆ, ಇಲ್ಲವೇ 100.4 ಒಂದು ಗಂಟೆ ನಿಂತರೆ ಹೊರಡಬೇಕು. ನಡುಕ ಬಂದರಂತೂ ಅಳತೆಗೂ ಕಾಯಬೇಡಿ. ಕೀಮೋ ಜೊತೆಗಿನ ಸ್ಟೆರಾಯ್ಡ್ ಜ್ವರವನ್ನು ಮುಚ್ಚಿಡಬಲ್ಲದು. ಜ್ವರ ನೋಡುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟರೂ ಅದೇ ಅಪಾಯ.

ಹೆಚ್ಚಿನ ಕೀಮೋಗಳಲ್ಲಿ 7ರಿಂದ 14ನೇ ದಿನದೊಳಗೆ ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಆಗ ಸೋಂಕು ಹತ್ತಿದರೆ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಆ ವಾರ ಗಾಡಿ, ಡ್ರೈವರ್, ಕೀಮೋ ಫೈಲ್ ಸಿದ್ಧವಿರಲಿ. ಹೋದ ಕೂಡಲೇ 'ಕೀಮೋ ಆಗಿ ಇಷ್ಟನೇ ದಿನ, ಜ್ವರ' ಎಂದು ಹೇಳಿ.

ಪ್ರಶ್ನೆ: ಆಪರೇಷನ್ ಆಗಿ ಮನೆಗೆ ಬಂದ ತಂದೆಯವರ ವಾಚ್ ರಾತ್ರಿ ಆಕ್ಸಿಜನ್ 86 ತೋರಿಸುತ್ತದೆ. ಗಾಬರಿಯಾಗಬೇಕೆ?
– ಓದುಗರು, ಬೇಲೂರು

ಉತ್ತರ: ಎಬ್ಬಿಸಿ ಕೂರಿಸಿ, ಕೈ ಉಜ್ಜಿ ಬೆಚ್ಚಗೆ ಮಾಡಿ, ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಒಂದು ನಿಮಿಷ ನೋಡಿ. ಅದರ ಬೆಳಕು ಬೆರಳನ್ನು ದಾಟಿ ಹೋಗುವುದರಿಂದ ವಾಚಿಗಿಂತ ನಂಬಬಹುದು. ಮೊದಲಿನಿಂದ ಶ್ವಾಸಕೋಶದ ಕಾಯಿಲೆ ಇಲ್ಲದವರಲ್ಲಿ 94ಕ್ಕಿಂತ ಕಡಿಮೆಯಿದ್ದರೆ ಡಾಕ್ಟರಿಗೆ ಫೋನ್ ಮಾಡಿ, 90ಕ್ಕಿಂತ ಕಡಿಮೆಯಿದ್ದರೆ 108 ಕರೆಯಿರಿ. ಒಂದೇ ಕಾಲು ಊದಿ ದಿಢೀರ್ ಉಬ್ಬಸ ಬಂದರೆ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶ ಸೇರಿರಬಹುದು. ಆಗ ಯಾವ ಅಂಕಿಯನ್ನೂ ನೋಡುತ್ತಾ ನಿಲ್ಲಬೇಡಿ.