ಉಪಗ್ರಹದ ನಕ್ಷೆಯೋ, ಮಾಪನ ಕೇಂದ್ರದ ಅಂಕಿಯೋ?

ಸಿಲ್ಕ್ ಬೋರ್ಡ್ ಬಳಿ ವಾಸಿಸುವ ನೀವು ಕೇಳಿರುವುದು ಇಷ್ಟು: ಉಪಗ್ರಹದ ನಕ್ಷೆಯಲ್ಲಿ ಬೆಂಗಳೂರಿನ ನೈಟ್ರೋಜನ್ ಡೈಆಕ್ಸೈಡ್ (ವಾಹನಗಳ ಹೊಗೆಯಿಂದ ಬರುವ ಮಾಲಿನ್ಯದ ಅನಿಲ) ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿ ಹರಡಿದೆ, ಆದರೆ ನೆಲದ ಮೇಲಿನ ಮಾಪನ ಕೇಂದ್ರಗಳ ಅಂಕಿಗಳು ಒಂದೊಂದು ಕಡೆ ಒಂದೊಂದು ರೀತಿ ಇವೆ, ಯಾವುದನ್ನು ನಂಬಬೇಕು? ಈ ಎರಡೂ ಬಗೆಯ ದತ್ತಾಂಶವನ್ನು ಕೆಲವು ವರ್ಷಗಳಿಂದ ಬಳಸುತ್ತಿರುವ ನನ್ನ ಅನುಭವದಲ್ಲಿ, ಇವು ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳನ್ನು ಅಳೆಯುತ್ತವೆ.

ನೀವು ನೋಡಿದ ನಕ್ಷೆ ಬಹುಶಃ 2017ರ ಅಕ್ಟೋಬರ್‌ನಲ್ಲಿ ಉಡಾಯಿಸಿದ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೋಮಿ ಉಪಕರಣದ್ದು. ನೆಲದಿಂದ ಮರಳುವ ಬಿಸಿಲಿನಲ್ಲಿ ನೀಲಿ ಬೆಳಕನ್ನು ಈ ಅನಿಲ ಎಷ್ಟು ಹೀರಿಕೊಂಡಿದೆ ಎಂಬುದನ್ನು ನೋಡಿ, ನೆಲದಿಂದ ಮೇಲಿನವರೆಗಿನ ಇಡೀ ಗಾಳಿಯ ಕಂಬದಲ್ಲಿರುವ ಅಣುಗಳ ಮೊತ್ತವನ್ನು ಅದು ಲೆಕ್ಕ ಹಾಕುತ್ತದೆ. ನಾವು ಉಸಿರಾಡುವ ಎತ್ತರದ ಸಾಂದ್ರತೆಯನ್ನಲ್ಲ. ಅದರ ನಕ್ಷೆಯ ಒಂದು ಚೌಕ ಸುಮಾರು 5.5 ಕಿ.ಮೀ. ಉದ್ದ, 3.5 ಕಿ.ಮೀ. ಅಗಲವಿರುವುದರಿಂದ ಸಿಲ್ಕ್ ಬೋರ್ಡ್ ಜಂಕ್ಷನ್ನೂ ಅಗರ ಕೆರೆಯೂ ಒಂದೇ ಅಂಕಿಯೊಳಗೆ ಸೇರಿಹೋಗಬಹುದು. ಇದಕ್ಕಿಂತ ಮುಖ್ಯವಾದುದು ಸಮಯ. ಉಪಗ್ರಹ ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಸುಮಾರು ಒಂದೂವರೆಗೆ. ಆ ಹೊತ್ತಿಗೆ ನೆಲ ಕಾದು ಹೊಗೆ ಎತ್ತರದವರೆಗೆ ಬೆರೆತಿರುತ್ತದೆ, ಬಿಸಿಲು ಈ ಅನಿಲವನ್ನು ಒಡೆಯುತ್ತಿರುತ್ತದೆ. ಬೆಳಿಗ್ಗೆ ಒಂಬತ್ತರ ಮತ್ತು ರಾತ್ರಿ ಎಂಟರ ದಟ್ಟಣೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮಳೆಗಾಲದಲ್ಲಿ ಮೋಡ ಕವಿದು ಎಷ್ಟೋ ದಿನಗಳ ಅಳತೆ ಸಿಗದಿರುವುದರಿಂದ ವಾರ್ಷಿಕ ಸರಾಸರಿಯೂ ಒಣ ತಿಂಗಳುಗಳ ಕಡೆಗೆ ವಾಲುತ್ತದೆ.

ಅಳತೆಯ ಬದಲು ಹೊಗೆ, ಗಾಳಿ, ಬಿಸಿಲುಗಳಿಂದ ಅನಿಲದ ಪ್ರಮಾಣವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದಕ್ಕೆ ಮಾದರಿ ಎನ್ನುತ್ತಾರೆ. ಅದು ಬರಿಯ ಊಹೆ ಎಂದು ಅನೇಕರು ಅದನ್ನು ಬದಿಗಿಡುತ್ತಾರೆ. ಆದರೆ ಉಪಗ್ರಹದ ಅಂಕಿಯೊಳಗೇ ಮಾದರಿ ಕುಳಿತಿದೆ. ಅನಿಲ ಯಾವ ಎತ್ತರದಲ್ಲಿದೆ ಎಂದು ತಿಳಿಯದೆ ಕಂಬದ ಲೆಕ್ಕ ಮುಗಿಯುವುದಿಲ್ಲ, ಆ ಮಾಹಿತಿಯನ್ನು ಸುಮಾರು ನೂರು ಕಿಲೋಮೀಟರ್ ಚೌಕದ ಜಾಗತಿಕ ಮಾದರಿಯೊಂದರಿಂದ ಪಡೆಯಲಾಗುತ್ತದೆ. ಅಷ್ಟು ದೊಡ್ಡ ಚೌಕದಲ್ಲಿ ನಗರವೂ ಸುತ್ತಲ ಹಳ್ಳಿಗಳೂ ಒಂದಾಗುವುದರಿಂದ, ಮಲಿನ ನಗರಗಳ ಮೇಲೆ ಉಪಗ್ರಹ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ನೆಲದ ಯಂತ್ರಕ್ಕೂ ತನ್ನದೇ ದೋಷವಿದೆ. ಅದು ನೇರವಾಗಿ ಅಳೆಯುವುದು ನೈಟ್ರಿಕ್ ಆಕ್ಸೈಡನ್ನು: ಓಝೋನ್ ಬೆರೆಸಿದಾಗ ಹೊಮ್ಮುವ ಮಂದ ಬೆಳಕಿನಿಂದ. ಡೈಆಕ್ಸೈಡನ್ನು ಕಾದ ಮಾಲಿಬ್ಡಿನಮ್ ಲೋಹದ ಮೇಲೆ ಹಾಯಿಸಿ ನೈಟ್ರಿಕ್ ಆಕ್ಸೈಡ್ ಆಗಿ ಪರಿವರ್ತಿಸಿ, ಪರಿವರ್ತಿಸಿದ ಮತ್ತು ಪರಿವರ್ತಿಸದ ಗಾಳಿಯ ಎರಡು ಅಳತೆಗಳ ವ್ಯತ್ಯಾಸವನ್ನು ತೆಗೆದುಕೊಳ್ಳಲಾಗುತ್ತದೆ. ಆದರೆ ಆ ಲೋಹ ನೈಟ್ರಿಕ್ ಆಮ್ಲದಂಥ ಇತರ ಸಂಯುಕ್ತಗಳನ್ನೂ ಪರಿವರ್ತಿಸಿಬಿಡುತ್ತದೆ, ಅವು ಹೆಚ್ಚಾಗಿ ಹುಟ್ಟುವುದು ಮಧ್ಯಾಹ್ನದ ಬಿಸಿಲಿನಲ್ಲೇ. ಹೀಗೆ ಉಪಗ್ರಹ ಕಡಿಮೆ ಹೇಳುವ ಅದೇ ಗಳಿಗೆಯಲ್ಲಿ ಯಂತ್ರ ಹೆಚ್ಚು ಹೇಳುತ್ತದೆ. ನಿಮಗೆ ಕಂಡ ಅಂತರದ ಒಂದು ಪಾಲು ಇಲ್ಲಿಂದ ಬಂದಿರಬಹುದು. ಇನ್ನೊಂದು ಪಾಲು ಯಂತ್ರ ಎಲ್ಲಿದೆ ಎಂಬುದರದು. ಹೆದ್ದಾರಿಯಿಂದ ಇನ್ನೂರು ಮೀಟರ್ ಸರಿದರೂ ಅಂಕಿ ಸಾಕಷ್ಟು ಇಳಿಯುತ್ತದೆ.

ನಗರಮಟ್ಟದ ಮಾದರಿ ಕೇಂದ್ರಗಳಿಲ್ಲದ ಬಡಾವಣೆಗಳನ್ನೂ ಮೋಡದ ದಿನಗಳನ್ನೂ ತುಂಬಿಕೊಡಬಲ್ಲದು, ಆದರೆ ವಾಹನ, ಜನರೇಟರ್, ಕಾರ್ಖಾನೆಗಳಿಂದ ಎಷ್ಟು ಹೊಗೆ ಬರುತ್ತದೆ ಎಂಬ ಪಟ್ಟಿ ಸರಿಯಿದ್ದಷ್ಟೇ ಅದೂ ಸರಿ. 2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಹಳೆಯ ಪಟ್ಟಿಯನ್ನೇ ನಂಬಿದ ಮಾದರಿಗೆ ರಸ್ತೆಗಳು ಖಾಲಿಯಾದುದು ತಿಳಿಯುತ್ತಿರಲಿಲ್ಲ. ಉಪಗ್ರಹಕ್ಕೆ ಅದು ಸ್ಪಷ್ಟವಾಗಿ ಕಂಡಿತು.

ಆದ್ದರಿಂದ ನಿಮ್ಮ ಮಕ್ಕಳ ಉಸಿರಿನ ಪ್ರಶ್ನೆಗೆ ರಸ್ತೆಗೆ ಹತ್ತಿರದ ಕೇಂದ್ರದ ಗಂಟೆಗಂಟೆಯ ಅಂಕಿಗಳನ್ನು, ಅದರಲ್ಲೂ ಬೆಳಿಗ್ಗೆ ಮತ್ತು ರಾತ್ರಿಯವನ್ನು ನೋಡಿ. ನಮ್ಮ ರಾಷ್ಟ್ರೀಯ ಮಿತಿ ವಾರ್ಷಿಕ ಸರಾಸರಿಯಲ್ಲಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 10. ಮಿತಿಯೊಳಗಿದೆ ಎಂಬ ಮಾತು ಕೇಳಿದಾಗ ಯಾವ ಮಿತಿ ಎಂದು ಕೇಳಲೇಬೇಕು. ನಗರದ ಗಾಳಿ ವರ್ಷದಿಂದ ವರ್ಷಕ್ಕೆ ಸುಧಾರಿಸಿದೆಯೇ ಎಂಬುದಕ್ಕೆ ಉಪಗ್ರಹದ ಫೆಬ್ರವರಿಯನ್ನು ಫೆಬ್ರವರಿಯೊಂದಿಗೇ ಹೋಲಿಸಿ. ಎರಡನ್ನೂ ಅಕ್ಕಪಕ್ಕ ಇಡಲೇಬೇಕೆಂದರೆ, ಮೋಡವಿಲ್ಲದ ದಿನಗಳ ಮಧ್ಯಾಹ್ನ ಒಂದರಿಂದ ಎರಡು ಗಂಟೆಯ ನೆಲದ ಅಂಕಿಗಳನ್ನಷ್ಟೇ ಆರಿಸಿಕೊಳ್ಳಿ. ಇಪ್ಪತ್ತನಾಲ್ಕು ಗಂಟೆಗಳ ಸರಾಸರಿಯನ್ನಲ್ಲ.