ಬೇರೆ ಇಟ್ಟ ಲೋಟ

ವಿಜಯನಗರದಿಂದ ಒಬ್ಬರು ಬರೆದಿದ್ದಾರೆ. ವಯಸ್ಸು 39. ಆಫೀಸಿನ ಶಿಬಿರದಲ್ಲಿ ರಕ್ತ ಕೊಟ್ಟ ಮೇಲೆ ಗೊತ್ತಾಯಿತು, ಹೆಪಟೈಟಿಸ್ ಸಿ, ಅಂದರೆ ಲಿವರಿಗೆ ತಗಲುವ ವೈರಸ್ ಸೋಂಕು, ಇದೆ ಅಂತ. 1998ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಅಪಘಾತವಾಗಿ ರಕ್ತ ಹಾಕಿಸಿಕೊಂಡಿದ್ದರಂತೆ. ಈಗ 12 ವಾರದ ಮಾತ್ರೆ ನಡೆಯುತ್ತಿದೆ, ಇದು ನಾಲ್ಕನೇ ವಾರ. ಕುಡಿಯಲೇಬೇಡಿ ಎಂದಿದ್ದಾರೆ ಡಾಕ್ಟರು. ಆದರೆ ಶನಿವಾರ ಬಂದರೆ ಬಸವೇಶ್ವರನಗರದಲ್ಲಿ ಭಾವನ ಮನೆಯ ಟೆರೇಸು, ಕಾಂಗ್ರೆಸ್ ಕಡ್ಲೆ, ಬಿಯರ್. "ಬಿಯರೆಲ್ಲಾ ಎಣ್ಣೆ ಲೆಕ್ಕಕ್ಕೆ ಬರಲ್ಲ ಕಣೋ" ಅಂತಾರಂತೆ ಭಾವ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ, ಆಮೇಲೆ ನೆಂಟರಿಗೆಲ್ಲ ಗೊತ್ತಾಗುತ್ತೆ. ವಾರಕ್ಕೊಂದು ಬಾಟಲಿ ಕುಡಿದರೆ ಏನಾಗುತ್ತೆ, ಬೇಡ ಅನ್ನೋಕೆ ಭಾವನಿಗೆ ಏನು ನೆಪ ಹೇಳಲಿ, ಇವು ಅವರ ಪ್ರಶ್ನೆಗಳು.

ಮೊದಲು ಬಾಟಲಿಯ ಪ್ರಶ್ನೆಗೇ ಉತ್ತರ. ಕುಡಿಯಬೇಡಿ. ಅರ್ಧ ಗ್ಲಾಸೂ ಬೇಡ.

ಭಾವನ ಲೆಕ್ಕವೇ ತಪ್ಪು. 650 ಮಿ.ಲೀ. ಬಾಟಲಿಯಲ್ಲಿ ಶೇ 5ರ ಬಿಯರ್ ಇದ್ದರೆ ಸುಮಾರು 32 ಮಿ.ಲೀ. ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ. ವಿಸ್ಕಿಯಲ್ಲಿ ಇರುವುದು ಸುಮಾರು 13. ಅಂದರೆ ಒಂದು ಬಾಟಲಿ ಬಿಯರ್ ಕುಡಿದವರು ಎರಡೂವರೆ ಸಣ್ಣ ಪೆಗ್ ಕುಡಿದ ಹಾಗೆ. ಶೇ 8ರ ಸ್ಟ್ರಾಂಗ್ ಆದರೆ ನಾಲ್ಕು. ಈ ವೈರಸ್ ಇಷ್ಟು ವರ್ಷ ನಿಮ್ಮ ಲಿವರನ್ನು ಸದ್ದಿಲ್ಲದೆ ಗಾಯ ಮಾಡಿದೆ. ಗಾಯ ಮಾಗಿದ ಕಡೆಯೆಲ್ಲ ಕಲೆ ಗಟ್ಟಿಯಾಗುತ್ತದೆ. ಕುಡಿತವೂ ಅದೇ ಕೆಲಸ ಮಾಡುತ್ತದೆ. ಎರಡೂ ಸೇರಿದರೆ ಲಿವರ್ ಬೇಗ ಸಿರೋಸಿಸ್ಸಿಗೆ, ಅಂದರೆ ಕಲೆಯೇ ತುಂಬಿ ಗಟ್ಟಿಯಾಗುವ ಸ್ಥಿತಿಗೆ, ಹೋಗುತ್ತದೆ, ಕ್ಯಾನ್ಸರಿನ ಭಯವೂ ಜಾಸ್ತಿ. ನೋವು ಮಾತ್ರ ಕೊನೆಯ ತನಕ ಗೊತ್ತಾಗದೆ ಇರಬಹುದು. ಈಗಿನ ಮಾತ್ರೆಗಳಿಂದ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಗುಣವಾಗುತ್ತಾರೆ. ಆದರೆ ಮಾತ್ರೆ ಓಡಿಸುವುದು ವೈರಸ್ಸನ್ನು. ಆಗಲೇ ಬಿದ್ದಿರುವ ಕಲೆಯನ್ನು ಅಳಿಸುವ ಕೆಲಸ ಅದರದ್ದಲ್ಲ. ಅದಕ್ಕೇ, ಗುಣವಾದ ಮೇಲೆ ಶುರು ಮಾಡಬಹುದಾ ಅಂತ ಇನ್ನೊಂದು ಪತ್ರ ಬರೆಯಬೇಡಿ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಫೈಬ್ರೋಸ್ಕ್ಯಾನ್ ಆಗಿದೆಯಾ? ಆಗದಿದ್ದರೆ ಡಾಕ್ಟರನ್ನು ಕೇಳಿ.

ಆದರೆ ನನಗೆ ನಿದ್ದೆ ಬರದ ಹಾಗೆ ಮಾಡಿದ್ದು ಬಿಯರ್ ಅಲ್ಲ. ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ: "ಮನೆಯಲ್ಲಿ ಅಮ್ಮ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಾರೆ. ಮಗಳಿಗೂ ಅಪ್ಪನ ಲೋಟ ಮುಟ್ಟಬೇಡ ಅಂದಿದ್ದಾರೆ. ಅದಿರಲಿ ಬಿಡಿ."

ಯಾಕೆ ಬಿಡಬೇಕು? ವಾರದಲ್ಲಿ ಆರು ದಿನ ನಿಮ್ಮ ಮನೆಯಲ್ಲೇ ನೀವು ಬೇರೆ ಲೋಟದವರು. ಶನಿವಾರ ಒಬ್ಬ ಮನುಷ್ಯ ಹೆಗಲ ಮೇಲೆ ಕೈ ಹಾಕಿ, ಎಲ್ಲರ ಜೊತೆ ಕೂರಿಸಿ, ಎಲ್ಲರಿಗೂ ಕೊಡುವ ಗ್ಲಾಸನ್ನೇ ನಿಮ್ಮ ಕೈಗೂ ಕೊಡುತ್ತಾನೆ. ಅದನ್ನು ಬೇಡ ಅನ್ನೋಕೆ ನಿಮಗೆ ಆಗುತ್ತಿಲ್ಲ. ಬಿಯರ್ ರುಚಿಯ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ, ಗಮನಿಸಿದಿರಾ? ಭಾವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರಿಗೆ ವಿಷಯವೇ ಗೊತ್ತಿಲ್ಲ. ಸಿಟ್ಟು ಬಂದಿದ್ದು ನಿಮ್ಮ ಅಮ್ಮನ ಮೇಲೆ. ಆರು ವರ್ಷದ ಮಗುವಿಗೆ ಅಪ್ಪನನ್ನು ಕಂಡರೆ ಹಿಂದೆ ಸರಿಯೋದನ್ನು ಕಲಿಸಿದ್ದಾರಲ್ಲ, ಅದು ನನಗೆ ತಡೆಯೋಕಾಗಲಿಲ್ಲ. ಭಯ ಇರಬಹುದು. ಭಯ ಆದರೆ ಕೇಳಿ ತಿಳಿದುಕೊಳ್ಳಬೇಕಿತ್ತು.

ಹೆಪಟೈಟಿಸ್ ಸಿ ಹರಡುವುದು ರಕ್ತದಿಂದ. ತಟ್ಟೆ, ಲೋಟ, ತಬ್ಬಿಕೊಳ್ಳೋದು, ಮುದ್ದು ಕೊಡೋದು, ಒಂದೇ ಪಾತ್ರೆಯಲ್ಲಿ ಸಾರು ಬಡಿಸಿಕೊಳ್ಳೋದು, ಇದ್ಯಾವುದರಿಂದಲೂ ಬರಲ್ಲ. ಬೇರೆ ಇಡಬೇಕಾದ್ದು ರೇಜರ್, ಟೂತ್‌ಬ್ರಷ್, ನೇಲ್ ಕಟರ್. ಅಷ್ಟೇ. ನಿಮ್ಮ ಹೆಂಡತಿ ಒಂದು ಸಲ ಪರೀಕ್ಷೆ ಮಾಡಿಸಿಕೊಂಡರೆ ಅವರ ಮನಸ್ಸಿಗೂ ನೆಮ್ಮದಿ. ಇನ್ನೊಂದು ಮಾತು, ನಿಮ್ಮಮ್ಮನಿಗೂ ಗೊತ್ತಾಗಲಿ. ನಮ್ಮ ದೇಶದ ಬ್ಲಡ್ ಬ್ಯಾಂಕುಗಳಲ್ಲಿ ಈ ವೈರಸ್ ಪರೀಕ್ಷೆ ಕಡ್ಡಾಯವಾಗಿದ್ದು 2001ರಲ್ಲಿ. ನಿಮಗೆ ರಕ್ತ ಹಾಕಿದಾಗ ಆ ನಿಯಮವೇ ಇರಲಿಲ್ಲ. ನೀವು ಮಾಡಿದ ತಪ್ಪು ಏನೂ ಇಲ್ಲ ಇದರಲ್ಲಿ.

ಕಾಯಿಲೆಯ ಹೆಸರನ್ನು ಪಿಸುಗುಟ್ಟಿದಷ್ಟೂ ಮನೆಯಲ್ಲಿ ಅದು ದೊಡ್ಡದಾಗುತ್ತದೆ. ಈ ಮಾತನ್ನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ಭಾವನಿಗೆ ಏನು ಹೇಳಬೇಕು, ಯಾವ ನೆಪ ಹುಡುಕಬೇಕು ಅಂತ ಕೇಳಿದ್ದೀರಿ. ನೆಪ ಬೇಡ. "ಲಿವರಿಗೆ ಮಾತ್ರೆ ತಗೊಳ್ತಿದ್ದೀನಿ ಭಾವ, ನನಗೆ ನಿಂಬೆಹಣ್ಣಿನ ಸೋಡಾ ಸಾಕು" ಅನ್ನಿ. ನಿಜವೇ ಅಲ್ವಾ?

ನಿಮ್ಮಿಂದ ನಾನು ಕೇಳುವುದು ಒಂದೇ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಮ್ಮನನ್ನು ಕರೆದುಕೊಂಡು ಹೋಗಿ. ನೀವು ಮಾತಾಡಬೇಡಿ. ಲೋಟದ ಪ್ರಶ್ನೆಯನ್ನು ಅವರೇ ಕೇಳಲಿ, ಡಾಕ್ಟರೇ ಉತ್ತರ ಹೇಳಲಿ. ಮನೆಗೆ ಬಂದ ಮೇಲೆ ಆ ಲೋಟವನ್ನು ಅಮ್ಮನೇ ಎತ್ತಿ ಮಿಕ್ಕ ಲೋಟಗಳ ಜೊತೆ ಇಡಬೇಕು, ಮೊಮ್ಮಗಳ ಎದುರಿಗೆ.