ಲಂಡನ್ನಿನಲ್ಲಿದ್ದುಕೊಂಡು 2014ರ ಡೀಸೆಲ್ ಮೋಟರ್‌ಹೋಮ್ ಕೊಳ್ಳಬಹುದೇ?

ಈ ಸಂಚಾರಿ ಮನೆಯನ್ನು ಕೊಳ್ಳಬಹುದು, ಆದರೆ ಬೆಲೆ ಮಾತಾಡುವ ಮೊದಲು ಎಂಜಿನ್ ಯೂರೋ 6 (ಯುರೋಪಿನ ಹೊಗೆ ಮಾಲಿನ್ಯದ ಮಾನದಂಡ) ಮಟ್ಟದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ವಿಸ್ತರಿಸಿರುವ ಯೂಲೆಜ್ ಎಂಬ ಅತಿ ಕಡಿಮೆ ಹೊಗೆಯ ವಲಯದಲ್ಲಿ, ಆ ಮಟ್ಟಕ್ಕಿಂತ ಕೆಳಗಿನ, 3.5 ಟನ್‌ವರೆಗಿನ ಡೀಸೆಲ್ ಮೋಟರ್‌ಹೋಮ್ ಓಡಿಸಿದ ದಿನಕ್ಕೆ 12.50 ಪೌಂಡ್ ಶುಲ್ಕವಿದೆ. ಅಂಥ ವಾಹನದ ಒಟ್ಟು ತೂಕದ ಮಿತಿ 3.5 ಟನ್ ಮೀರಿದರೆ ಬೇರೆಯೇ ನಿಯಮ ಅನ್ವಯಿಸಿ ದಿನದ ಶುಲ್ಕ ಕನಿಷ್ಠ 100 ಪೌಂಡಿಗೆ ಏರುತ್ತದೆ. ಆದ್ದರಿಂದ ವಾಹನದಲ್ಲಿ ಈ ಮಿತಿ ನಮೂದಿಸಿರುವ ತೂಕದ ಫಲಕವನ್ನು ಓದದೆ ಮುಂಗಡ ಕೊಡಬೇಡಿ.

ನೋಂದಣಿಯ ವರ್ಷವನ್ನಷ್ಟೇ ನಂಬುವುದು ಅಪಾಯಕರ. ದೊಡ್ಡ ವ್ಯಾನುಗಳಿಗೆ ಯೂರೋ 6 ಕಡ್ಡಾಯವಾದದ್ದು 2016ರ ಸೆಪ್ಟೆಂಬರಿನಲ್ಲಿ. ಆದರೆ ಮೋಟರ್‌ಹೋಮ್ ತಯಾರಕರು ಫಿಯಟ್ ಡುಕಾಟೊ ವ್ಯಾನಿನಂತಹ ಚಾಸಿಯನ್ನು (ಎಂಜಿನ್ ಸಹಿತದ ಅಡಿಚೌಕಟ್ಟನ್ನು) ತರಿಸಿಕೊಂಡು ಅದರ ಮೇಲೆ ಮನೆ ಕಟ್ಟುವುದರಿಂದ, ಎಂಜಿನ್ ನೋಂದಣಿಗಿಂತ ಹಳೆಯದಿರಬಹುದು. ವಾಹನದ ಸಂಖ್ಯೆಯನ್ನು ಲಂಡನ್ ಸಾರಿಗೆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡುವುದೇ ಲೇಸು.

ನಿಲ್ಲಿಸಿದ ವಾಹನಕ್ಕೆ ಶುಲ್ಕವಿಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಊರು ಬಿಡುವವರು ಹೊರಡುವ ದಿನಕ್ಕೂ ಮರಳುವ ದಿನಕ್ಕೂ ಸೇರಿಸಿ 25 ಪೌಂಡ್ ತೆರುವುದು, ಯೂರೋ 6 ವಾಹನಕ್ಕೆ ಸಾವಿರಾರು ಪೌಂಡ್ ಹೆಚ್ಚು ಸುರಿಯುವುದಕ್ಕಿಂತ ಅಗ್ಗವೆಂದೇ ನನ್ನ ಲೆಕ್ಕ. ಆದರೆ ದಿನದ ಗಣನೆ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ: ರಾತ್ರಿ ಹನ್ನೊಂದಕ್ಕೆ ವಲಯ ಹೊಕ್ಕು ಒಂದು ಗಂಟೆಗೆ ಮನೆ ಸೇರಿದರೆ ಎರಡು ದಿನದ ಶುಲ್ಕ ಬೀಳುತ್ತದೆ.